ನೂರರ ರೀಲಿಗೆ ನಾನೂರು

ಕ್ಯಾಮೆರಾ ಅಂಗಡಿಯವನು ಕೊನೆಯವರೆಗೂ ನನ್ನ ಓರಗಿತ್ತಿಯ ಮುಖ ನೋಡಲಿಲ್ಲ. ಕೇಳುತ್ತಿದ್ದವಳು ಅವಳು, ಉತ್ತರ ಹೋಗುತ್ತಿದ್ದದ್ದು ನನ್ನ ಮೈದುನನಿಗೆ.

"ಈ ಮೀಟರಿನ ತಲೆ ತಿರುಗುತ್ತಾ?" ಎಂದು ಅವಳು ಕೇಳಿದಳು.

"ತಿರುಗುತ್ತೆ ಅಂತ ಹೇಳಿ ಸಾರ್ ಮೇಡಮ್‌ಗೆ," ಎಂದ ಅವನು, ಅವರಿಬ್ಬರದೂ ಬೇರೆ ಬೇರೆ ಭಾಷೆ ಎಂಬಂತೆ.

"ನಂಗೂ ಎರಡು ಕಿವಿ ಇದೆ," ಎಂದಳು.

ಮೈದುನ ನಕ್ಕ. ಹೆಂಡತಿಯ ಕೋಪ ಅವನಿಗೆ ಯಾವಾಗಲೂ ಸ್ವಲ್ಪ ತಮಾಷೆಯಾಗಿ ಕಾಣುತ್ತಿತ್ತು. ಆಗಿನ್ನೂ ರೀಲಿನ ಕಾಲ. ನಮ್ಮದು ಫೋಟೋ ಸ್ಟುಡಿಯೋದ ಮನೆ. ಮುಂದೆ ಸ್ಟುಡಿಯೋ, ಹಿಂದೆ ಸಂಸಾರ, ನಡುವೆ ಡಾರ್ಕ್ ರೂಮು. ಮಾವನವರು ಯಜಮಾನರು, ನನ್ನ ಗಂಡ ಡಾರ್ಕ್ ರೂಮಿನ ಕೆಲಸ, ಮೈದುನ ಹೊರಗಿನ ಕೆಲಸ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು, ಆದರೆ ಆ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಕಿಟಕಿಯ ಬಳಿ ಕುಳಿತು ಚೂಪು ಪೆನ್ಸಿಲಿನಿಂದ ನೆಗೆಟಿವ್ ತಿದ್ದುವ ಕೆಲಸ. ಓರಗಿತ್ತಿಯನ್ನು ಎಲ್ಲರೂ ಚಿಕ್ಕವಳು ಎನ್ನುತ್ತಿದ್ದೆವು. ಮದುವೆಗೆ ಮೊದಲು ಅವಳು ಒಂದು ಪತ್ರಿಕೆಯಲ್ಲಿ ಫೋಟೋ ತೆಗೆಯುತ್ತಿದ್ದಳು. ನಮ್ಮ ಮನೆಗೆ ಬಂದ ಮೇಲೆ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತು ಗಿರಾಕಿಗಳಿಗೆ ಲಕೋಟೆ ಕೊಡುತ್ತಿದ್ದಳು.

ಬೆಳಕು ಅಳೆಯುವ ಮೀಟರು ಕೊಳ್ಳಲು ಅವಳೇ ಹಠ ಹಿಡಿದಿದ್ದಳು. ಅಂಗಡಿಯವನು ಗಾಜಿನ ಮೇಲೆ ಮೂರು ಮೀಟರು ಇಟ್ಟಿದ್ದ. ಮೊದಲನೆಯದಕ್ಕೆ ಬ್ಯಾಟರಿ ಬೇಡ, ಬೆಳಕು ಬಿದ್ದರೆ ತಾನೇ ಮುಳ್ಳು ಏಳುತ್ತದೆ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. "ಇಂಥದ್ದರ ಕಣ್ಣು ವರ್ಷ ಹೋದ ಹಾಗೆ ಮಬ್ಬಾಗುತ್ತೆ ಅಕ್ಕ. ಇರೋದಕ್ಕಿಂತ ಕಡಿಮೆ ಬೆಳಕು ತೋರಿಸ್ತಾ ಹೋಗುತ್ತೆ." ಎರಡನೆಯದು ಅಂಕಿಗಳನ್ನು ಹಸಿರಾಗಿ ಬೆಳಗಿಸುವಂಥದ್ದು. ಕಿಟಕಿಯ ಬಿಸಿಲಲ್ಲಿ ಅಂಕಿ ಕಾಣಲಿಲ್ಲ. ಮೂರನೆಯದರಲ್ಲಿ ಮುಳ್ಳು, ಸುತ್ತುವ ಬಿಲ್ಲೆ, ಮೇಲೆ ನಿಂಬೆಹಣ್ಣನ್ನು ಅರ್ಧಕ್ಕೆ ಕೊಯ್ದಂಥ ಬಿಳಿ ಗುಮ್ಮಟ. ಗುಮ್ಮಟವನ್ನು ಕ್ಯಾಮೆರಾದ ಕಡೆ ತಿರುಗಿಸಿ, ಅಂಕಿಗಳನ್ನು ತನ್ನ ಕಡೆ ಇಟ್ಟುಕೊಳ್ಳಬಹುದಿತ್ತು. ಅವಳು ಅದನ್ನು ಅಂಗೈಯಿಂದ ಮುಚ್ಚಿದಳು, ಥಟ್ಟನೆ ಕೈ ತೆಗೆದಳು, ಮುಳ್ಳು ಎಷ್ಟು ಬೇಗ ಏಳುತ್ತದೆ ನೋಡಿದಳು. ಬುಡಮೇಲು ಮಾಡಿ ಅಲುಗಾಡಿಸಿದಳು. ಅಷ್ಟರಲ್ಲಿ ಧೂಳು ಒರೆಸುತ್ತಿದ್ದ ಅಂಗಡಿಯ ಮುದುಕ, ಯಾರೂ ಹೇಳದೆಯೇ, ಬಾಗಿಲು ತೆರೆದು ಹಿಡಿದು ನಿಂತ, ಬಿಸಿಲಿಗೆ ಹೋಗಿ ನೋಡಿಕೊಳ್ಳಲಿ ಎಂದು. ಅವಳು ವಾಪಸು ಬರುವವರೆಗೂ ಹಿಡಿದೇ ಇದ್ದ. ಆ ದಿನ ಆ ಅಂಗಡಿಯಲ್ಲಿ ಅವಳ ಮುಖ ನೋಡಿದವನು ಅವನೊಬ್ಬನೇ.

"ಇದೇ ಕೊಡಿ," ಎಂದಳು.

"ಸಾರ್, ಇದೇ ಪ್ಯಾಕ್ ಮಾಡ್ಲಾ?" ಎಂದ ಅಂಗಡಿಯವನು.

ಮನೆಯಲ್ಲಿ ಮಾವನವರು ಅದನ್ನು ಕೈಯಲ್ಲಿ ತೂಗಿ ನೋಡಿದರು. "ಹಗುರ ಇದೆ," ಎಂದು ಹಿಂದಕ್ಕೆ ಕೊಟ್ಟರು. ಅವರ ಸ್ವಂತ ಮೀಟರು, ಬ್ಯಾಟರಿ ಬೇಡದ ಹಳೆಯ ಜಾತಿಯದು, ಚರ್ಮದ ಚೀಲದಲ್ಲಿ ಸದಾ ಅವರ ಕೊರಳಲ್ಲಿ. ಬೀದಿಯವರೆಲ್ಲ ಅವರನ್ನು ಮೀಟರ್ ಯಜಮಾನರು ಎಂದೇ ಕರೆಯುತ್ತಿದ್ದದ್ದು. ಆ ಮೀಟರನ್ನು ಮಕ್ಕಳಿಬ್ಬರು ಮುಟ್ಟಬಹುದಿತ್ತು, ಸೊಸೆಯರು ಮುಟ್ಟುವ ಹಾಗಿರಲಿಲ್ಲ. ಒಂದು ಮಾತು ಹೇಳಲೇಬೇಕು: ಎಳೆಮಗುವಿನ ಕೆನ್ನೆಯ ಬಳಿ ಅದನ್ನು ಹಿಡಿಯುವಾಗ ಅವರು ಮೊದಲು ತಮ್ಮ ಎರಡೂ ಅಂಗೈ ನಡುವೆ ಇಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ತಣ್ಣಗಿನ ಲೋಹ ತಗುಲಿ ಮಗು ಬೆಚ್ಚಬಾರದು ಎಂದು. ಅದನ್ನು ನೋಡಿದಾಗಲೆಲ್ಲ ನಾನು ಅವರ ಸಿಡುಕನ್ನು ಕ್ಷಮಿಸಿಬಿಡುತ್ತಿದ್ದೆ.

"ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ," ಎಂದರು, ಯಾರಿಗೂ ಅಲ್ಲ ಎಂಬಂತೆ.

"ಹಳೇ ಅಗಸ ಕತ್ತೆ ಮೇಲೇ ಒಣಹಾಕಿದನಂತೆ," ಎಂದು ಚಿಕ್ಕವಳು ಅಡುಗೆಮನೆಯಲ್ಲಿ ನನಗೆ ಮಾತ್ರ ಕೇಳುವಂತೆ ಹೇಳಿದಳು. ಇಬ್ಬರೂ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕೆವು. ಆ ಮೀಟರಿನ ವಿಷಯದಲ್ಲಿ ನಾವು ನಕ್ಕದ್ದು ಅಷ್ಟೇ.

ಆ ವಾರವೇ ಬೀಗದ ಕಾರ್ಖಾನೆಯ ಹೆಂಗಸು ಬಂದಳು. ಅವಳು ಅಲ್ಲಿ ಸ್ಪ್ರಿಂಗು ಕೂರಿಸುವ ವಿಭಾಗದ ಮುಖ್ಯಸ್ಥೆ, ಎಲ್ಲರಿಗೂ ಸ್ಪ್ರಿಂಗಮ್ಮ. ಕಾರ್ಖಾನೆ ಮುಚ್ಚುತ್ತಿತ್ತು.

"ಬೀಗದ ಕಾರ್ಖಾನೆಗೇ ಬೀಗ ಜಡೀತಾರಂತೆ. ನಗೋದೋ ಅಳೋದೋ ನೀವೇ ಹೇಳಿ ಯಜಮಾನ್ರೇ," ಎಂದಳು. "ಕೊನೇ ದಿನ ಅಂಗಳದಲ್ಲಿ ಎಲ್ಲರೂ ನಿಂತು ಒಂದು ಫೋಟೋ. ಆಮೇಲೆ ಯಾರು ಯಾವ ದಿಕ್ಕಿಗೋ. ಇನ್ನೊಂದು, ನಿಮ್ಮ ಚಿಕ್ಕ ಸೊಸೆ ಕೈಲೇ ತೆಗೆಸಬೇಕು. ನನ್ನ ಮಗಳ ಫೋಟೋ ತೆಗೆದಾಗ ಗಲ್ಲ ಎತ್ತು, ಭುಜ ಇಳಿಸು ಅಂತ ಅವಳನ್ನ ಬೊಂಬೆ ಮಾಡಲಿಲ್ಲ ಆಯಮ್ಮ."

ಆ ಫೋಟೋ ತೆಗೆದದ್ದು ಮಾವನವರು ಊರಲ್ಲಿಲ್ಲದ ದಿನ. ಅವರಿಗೆ ಅದು ಗೊತ್ತಿರಲಿಲ್ಲ. ಮುಖ ಬಿಗಿಯಿತು. ಆದರೆ ಮಂಡಿನೋವಿನಿಂದ ಅವರಿಗೆ ಬಹಳ ಹೊತ್ತು ನಿಲ್ಲಲು ಆಗುತ್ತಿರಲಿಲ್ಲ, ಗಿರಾಕಿಯನ್ನು ಬಿಡುವ ಮನಸ್ಸೂ ಇರಲಿಲ್ಲ.

"ಆಯ್ತು," ಎಂದರು ಕೊನೆಗೆ, ಚಿಕ್ಕವಳ ಕಡೆ ತಿರುಗಿ. "ಇದು ನಿನಗೆ ಪರೀಕ್ಷೆ ಅಂತ ತಿಳ್ಕೋ. ಚೆನ್ನಾಗಿ ಬಂದ್ರೆ ಇನ್ನು ಹೊರಗಿನ ಕೆಲಸಕ್ಕೆ ನೀನೂ ಹೋಗು. ಕೆಟ್ಟರೆ ಮತ್ತೆ ಕ್ಯಾಮೆರಾ ವಿಷಯ ಎತ್ತಬಾರದು. ಗಲ್ಲಾ ನೋಡ್ಕೊಂಡು ಇದ್ದುಬಿಡು."

"ಆಗಲಿ ಮಾವ," ಎಂದಳು. ಅವಳ ಕಿವಿಗಳು ಕೆಂಪಾಗಿದ್ದವು. ಸಿಟ್ಟಿಗೋ ಸಂತೋಷಕ್ಕೋ, ಅವಳಿಗೂ ತಿಳಿದಿರಲಾರದು.

ಕಾರ್ಖಾನೆಯ ಅಂಗಳಕ್ಕೆ ನಾನೂ ಹೋಗಿದ್ದೆ. ತಗಡಿನ ಸೂರಿನ ಉದ್ದನೆಯ ಜಗಲಿ, ಕಟ್ಟಡದ ನೆರಳು ಅಂಗಳದ ಅರ್ಧದವರೆಗೆ ಚಾಚಿತ್ತು. ಹೆಂಗಸರೆಲ್ಲ ಕೆಲಸದ ನೀಲಿ ಮೇಲಂಗಿಯಲ್ಲೇ ಬಂದರು. ಕಬ್ಬಿಣದ ಪುಡಿ ಉಗುರಿನ ಸಂದಿಗಳಲ್ಲಿ ಮಿನುಗುತ್ತಿತ್ತು. ಒಬ್ಬಳು ಪಕ್ಕದವಳ ಹಣೆಯ ಮಸಿಯನ್ನು ತನ್ನ ತೋಳಿನಿಂದಲೇ ಒರೆಸಿದಳು. ಇಬ್ಬರು ಗೆಳತಿಯರು ಗರ್ಭಿಣಿಯೊಬ್ಬಳಿಗೆ ಮರದ ಪೆಟ್ಟಿಗೆ ತಂದು ಕೂರಿಸಿ, ಅವಳೊಬ್ಬಳೇ ಕುಳಿತಂತೆ ಕಾಣಬಾರದೆಂದು ತಾವೂ ಎರಡು ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಹಿಂದಿನ ಸಾಲಿನವರು ಸೂರಿನ ಕೆಳಗೆ, ಬೆಂಚುಗಳ ಮೇಲೆ ನಿಂತರು.

ಚಿಕ್ಕವಳು ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ ತಾನು ಸ್ಟೂಲು ಹತ್ತಿದಳು. ನಮ್ಮ ಮನೆಯಲ್ಲಿ ಗುಂಪಿನ ಫೋಟೋಕ್ಕೆ ಇಬ್ಬರು ಬೇಕು: ಒಬ್ಬರು ಕ್ಯಾಮೆರಾದ ಹಿಂದೆ, ಇನ್ನೊಬ್ಬರು ಗುಂಪಿನ ಬಳಿ ಹೋಗಿ ಮುಖಗಳ ಎದುರು ಮೀಟರು ಹಿಡಿದು, ಲೆನ್ಸಿನ ಬಾಯಿ ಎಷ್ಟು ತೆರೆಯಬೇಕೆಂಬ ಅಂಕಿ ಕೂಗಬೇಕು; ಬೆಳಕು ಹೆಚ್ಚಿದಷ್ಟೂ ಅಂಕಿ ದೊಡ್ಡದು, ಬಾಯಿ ಚಿಕ್ಕದು. ಬೆಳಕು ಅಳೆಯಬೇಕಾದದ್ದು ಅದು ಬೀಳುವ ಮುಖದ ಮೇಲೆ, ನಾವು ನಿಂತ ಕಡೆಯಲ್ಲ. ಮೈದುನ ರೀಲು ತುಂಬಿದ, ಹೊಸ ಮೀಟರು ತೆಗೆದ, ಅದರ ಬಿಲ್ಲೆ ಸುತ್ತಿದ, ಗುಂಪಿನ ಮುಂದೆ ಹೋಗಿ ಸ್ಪ್ರಿಂಗಮ್ಮನ ಗಲ್ಲದ ಬಳಿ ಹಿಡಿದ.

"ಹನ್ನೊಂದು!" ಎಂದು ಕೂಗಿದ.

ಚಿಕ್ಕವಳು ತಲೆ ಎತ್ತಿದಳು. "ಈ ನೆರಳಲ್ಲಿ ಹನ್ನೊಂದಾ? ಐದೂವರೆ ಬರಬೇಕಲ್ಲ? ಇನ್ನೊಂದ್ಸಲ ನೋಡಿ."

ಅವನು ಹಿಂದಿನ ಸಾಲಿಗೂ ಹೋಗಿ ಹಿಡಿದು ನೋಡಿದ. "ಇಲ್ಲಿ ಎಂಟು, ಮುಂದೆ ಹನ್ನೊಂದು. ನಾನು ಹೇಳ್ತಿಲ್ಲ ತಾಯಿ, ನಿನ್ನ ಹೊಸ ಮೀಟರು ಹೇಳ್ತಿದೆ!"

ಹೆಂಗಸರು ಗೊಳ್ಳೆಂದು ನಕ್ಕರು. ಚಿಕ್ಕವಳು ಒಂದು ಗಳಿಗೆ ಆ ನೆರಳನ್ನೇ ನೋಡಿದಳು. ಅವಳ ಕಣ್ಣು ಒಂದು ಹೇಳುತ್ತಿತ್ತು, ಅವಳು ಮನೆಮಂದಿಯೊಡನೆ ಜಗಳವಾಡಿ ತಂದ ಮೀಟರು ಇನ್ನೊಂದು. ಮೀಟರನ್ನೇ ನಂಬಿದಳು. ಹಿಂದಿನವರು ಇರಲಿ ಎಂದು ಎಂಟಕ್ಕೂ ಹನ್ನೊಂದಕ್ಕೂ ನಡುವೆ ನಿಲ್ಲಿಸಿ ಎರಡು ಸಲ ಕ್ಲಿಕ್ಕಿಸಿದಳು. ಸೈರನ್ನು ಕೂಗಿತು. ಅದು ಕೊನೆಯ ಸೈರನ್ನು ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಅಭ್ಯಾಸಬಲದಿಂದ ಎಲ್ಲರೂ ಗಡಬಡಿಸಿ ಚದುರಿದರು.

ಮರುದಿನ ನನ್ನ ಗಂಡ ಒದ್ದೆ ರೀಲನ್ನು ಡಾರ್ಕ್ ರೂಮಿನಿಂದ ಹೊರಗೆ ತಂದು ಬೆಳಕಿಗೆ ಹಿಡಿದರು. ನನ್ನ ಕೈಗೆ ಕೊಟ್ಟರು. ನೆಗೆಟಿವ್ ಎಂದರೆ ಕಪ್ಪು ಕಟ್ಟಿರಬೇಕು. ಇದು ಸೋಸಿದ ನೀರಿನ ಹಾಗೆ ತೆಳ್ಳಗಿತ್ತು. ಮುಂದಿನ ಸಾಲು ದೆವ್ವದ ನೆರಳಿನಂತೆ ಇತ್ತು, ಹಿಂದಿನ ಸಾಲು ಇರಲೇ ಇಲ್ಲ. ಮಸುಕು ಮುಖಕ್ಕೆ ನಾನು ಪೆನ್ಸಿಲಿನಿಂದ ಸ್ವಲ್ಪ ಜೀವ ತುಂಬಬಲ್ಲೆ. ಇಲ್ಲದ ಮುಖವನ್ನು ಎಲ್ಲಿಂದ ತರಲಿ?

ಮಾವನವರು ಅದನ್ನು ನೋಡಿ ಕನ್ನಡಕ ತೆಗೆದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಹೇಳಿದ್ದೆ," ಎಂದರು.

"ಏನು ಹೇಳಿದ್ರಿ ಮಾವ?" ಎಂದಳು ಚಿಕ್ಕವಳು.

"ಆಟದ ಸಾಮಾನು ತಂದು ಕೆಲಸ ಮಾಡಬಾರದು ಅಂತ. ಸುಳ್ಳು ಮೀಟರು, ಸುಳ್ಳು ಅಂಕಿ. ಪಾಪ, ಅಷ್ಟು ಜನ ಹೆಂಗಸರು."

"ಮೀಟರು ಸರಿ ಇದೆ. ಸ್ಟುಡಿಯೋದಲ್ಲಿ ಇದರಿಂದಲೇ ಅಕ್ಕನ ಫೋಟೋ ತೆಗೆದೆ, ಎಷ್ಟು ಚೆನ್ನಾಗಿ ಬಂತು, ಭಾವನೇ ನೋಡಿದಾರೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಾನೆಲ್ಲಿ ನೆಲ ಡೊಂಕು ಅಂದೆ? ನೆಲ ಸರಿ ಇದೆ ಅಂತಲೇ ಹೇಳ್ತಿದ್ದೀನಿ!" ಎನ್ನುತ್ತ ಅವಳು ಮೀಟರನ್ನು ಅದರ ಚೀಲದಿಂದ ಎಳೆದು ಕಿಟಕಿಯ ಬಳಿ ತಂದಳು. ನೋಡಿದವಳು ಹಾಗೇ ನಿಂತಳು. ಮುಳ್ಳಿನ ಕೆಳಗೆ ಒಂದು ಪುಟ್ಟ ಕಿಂಡಿ ಇರುತ್ತದೆ, ಒಳಗೆ ಯಾವ ರೀಲು ಎಂದು ಹೇಳುವ ಅಂಕಿಯನ್ನು ಅಲ್ಲಿಗೆ ತಂದು ನಿಲ್ಲಿಸಬೇಕು. ನಾವು ತುಂಬಿದ್ದು ನೂರರ ರೀಲು. ಕಿಂಡಿಯಲ್ಲಿ ನಾನೂರು ಇತ್ತು, ಕಾಲುಭಾಗ ಬೆಳಕೇ ಸಾಕಾಗುವ ರೀಲಿನ ಅಂಕಿ.

"ಇದನ್ನ ಯಾರು ತಿರುಗಿಸಿದ್ದು?"

"ನಾನೇ," ಎಂದ ಮೈದುನ ಸಹಜವಾಗಿ. "ನೂರರ ರೀಲಿಗೆ ನಾನೂರು."

"ಏನಂದ್ರಿ?"

"ನೂರರ ರೀಲಿಗೆ ನಾನೂರು ಇಡಬೇಕು. ನಮ್ಮ ಮನೆ ಲೆಕ್ಕ ಕಣೆ. ಅಪ್ಪ ಹೇಳಿಕೊಟ್ಟಿದ್ದು. ಬೇರೆ ಸ್ಟುಡಿಯೋದವರಿಗೆ ಈ ಗುಟ್ಟು ಗೊತ್ತಿಲ್ಲ, ಅದಕ್ಕೇ ನಮ್ಮ ಫೋಟೋ ಹಾಗೆ ಬರೋದು."

ಅವನ ಮುಖದಲ್ಲಿ ಹೆಮ್ಮೆಯಿತ್ತು. ಕೆಟ್ಟವನಲ್ಲ ಅವನು. ಹೆಂಡತಿ ಕುಳಿತುಕೊಳ್ಳುವವರೆಗೆ ಒಂದು ದಿನವೂ ಊಟಕ್ಕೆ ಕೈ ಹಾಕಿದವನಲ್ಲ. ಆದರೆ ಆ ಕ್ಷಣ ಅವನ ಹೆಮ್ಮೆ ಕಂಡು ನನ್ನ ಮೈಯೆಲ್ಲ ಉರಿಯಿತು.

"ಯಾಕೆ ನಾನೂರು?" ಎಂದಳು ಅವಳು. "ಕಾರಣ ಹೇಳಿ."

ಅವನು ತಂದೆಯ ಕಡೆ ನೋಡಿದ. ನನ್ನ ಗಂಡನೂ ನೋಡಿದರು.

"ಅನುಭವದ ಮಾತು," ಎಂದರು ಮಾವನವರು. "ಎಲ್ಲಕ್ಕೂ ಕಾರಣ ಕೇಳಿದ್ರೆ ಕೆಲಸ ಆಗಲ್ಲ. ಅದನ್ನ ಡಬ್ಬಕ್ಕೆ ಹಾಕಿಡು. ನಾಳೆಯಿಂದ ಗಲ್ಲಾ."

ಮರುದಿನ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಚಿಕ್ಕವಳು ಹಿತ್ತಿಲಿಗೆ ಒಂದು ಸ್ಟೂಲು ತಂದಿಟ್ಟು ಎಲ್ಲರನ್ನೂ ಕರೆದಳು. ಗಲ್ಲಾಪೆಟ್ಟಿಗೆಯ ಬೀಗದ ಕೈ ಅವಳ ಕೈಯಲ್ಲಿತ್ತು. "ಮಾವನ ಮೀಟರು ಕೊಟ್ಟರೆ ಇದು ಕೊಡ್ತೀನಿ," ಎಂದಳು. ಒಳಗೆ ಗಿರಾಕಿ ಕಾಯುತ್ತಿದ್ದ. ಮೈದುನ ನಗಲು ನೋಡಿದ, ಅವಳ ಮುಖ ಕಂಡು ನಗು ನುಂಗಿದ. ಮಾವನವರು ಕೊರಳಿನ ಪಟ್ಟಿ ತೆಗೆದರು. ಅದನ್ನು ಅವಳಿಗೆ ಕೊಡಲಿಲ್ಲ, ನನಗೆ ಕೊಟ್ಟರು. "ದೊಡ್ಡವಳು ಓದಿದೋಳು. ಅವಳೇ ಓದಲಿ."

ಮೊದಲ ಸಲ ಅದನ್ನು ಮುಟ್ಟಿದ್ದೆ. ಅವರ ಎದೆಯ ಕಾವಿನಿಂದ ಬೆಚ್ಚಗಿತ್ತು.

ಮೋಡವಿಲ್ಲದ ನಡುಹಗಲ ಬಿಸಿಲು ಎಲ್ಲ ಕಡೆಯೂ ಒಂದೇ. ಅದಕ್ಕೆ ಹಳೆಯ ಲೆಕ್ಕವೊಂದಿದೆ: ನೂರರ ರೀಲು, ಸೆಕೆಂಡಿನ ನೂರನೇ ಒಂದು ಭಾಗ, ಅಂಕಿ ಹದಿನಾರು. ರೀಲಿನ ಡಬ್ಬದ ಒಳಗಿನ ಚೀಟಿಯಲ್ಲೂ ಅದೇ ಇರುತ್ತದೆ. ಮನುಷ್ಯರ ಮೀಟರು ಸುಳ್ಳು ಹೇಳಬಹುದು, ಸೂರ್ಯನಿಗೆ ಅದರ ಅಗತ್ಯವಿಲ್ಲ. ನಾನು ಎರಡೂ ಮೀಟರುಗಳನ್ನು ನೂರಕ್ಕೆ ತಿರುಗಿಸಿ ಸ್ಟೂಲಿನ ಮೇಲೆ ಇಟ್ಟೆ.

"ಹೊಸದು ಹದಿನಾರು," ಎಂದು ಓದಿದೆ. "ಹಳೇದು ಎಂಟು."

"ಇನ್ನೊಂದ್ಸಲ ಓದಿ ಅತ್ತಿಗೆ," ಎಂದ ಮೈದುನ.

"ಎಷ್ಟು ಸಲ ಓದಿದ್ರೂ ಎಂಟೇ." ಹಳೆಯದರ ಬಿಲ್ಲೆಯನ್ನು ನಾನೂರಕ್ಕೆ ಸುತ್ತಿದೆ. "ಈಗ ಹದಿನಾರು."

ಅಷ್ಟರಲ್ಲಿ ನನ್ನ ಗಂಡ, ವರ್ಷಕ್ಕೆ ನಾಲ್ಕು ಮಾತಾಡುವ ನನ್ನ ಗಂಡ, ನಿಧಾನವಾಗಿ ಬಾಯಿ ಬಿಟ್ಟರು.

"ಮೊದಲು ನೂರಕ್ಕೆ ನೂರೇ ಇಡ್ತಿದ್ವಿ ಅಲ್ವಾ ಅಪ್ಪ? ನಾನು ಚಿಕ್ಕವನಿದ್ದಾಗ. ಆಮೇಲೆ ಒಂದ್ಸಲ ನೂರಿಪ್ಪತ್ತೈದು ಅಂದ್ರಿ. ಆಮೇಲೆ ಇನ್ನೂರು. ನೆಗೆಟಿವ್ ತೀರಾ ಕಪ್ಪು ಬಂದಾಗಲೆಲ್ಲ ನೀವು ಒಂದು ಅಂಕಿ ಮುಂದಕ್ಕೆ ತಿರುಗಿಸ್ತಿದ್ರಿ. ನಾನು ಅದನ್ನ ಅನುಭವ ಅಂದ್ಕೊಂಡಿದ್ದೆ."

ಮಾವನವರು ನೆಲ ನೋಡಿದರು.

ಅಂದರೆ ಅವರಿಗೆ ಗೊತ್ತಿತ್ತು. ತಮ್ಮ ಮೀಟರಿನ ಕಣ್ಣು ಮಬ್ಬಾಗುತ್ತಿದೆ ಎಂದು ಅವರಿಗೆ ವರ್ಷಗಳಿಂದ ಗೊತ್ತಿತ್ತು. ಅದನ್ನು ಹೇಳಿಕೊಳ್ಳಲಾರದೆ ಮನೆಯ ಗುಟ್ಟು ಎಂದು ಹೆಸರಿಟ್ಟು ಮಕ್ಕಳಿಗೆ ಕಲಿಸಿದ್ದರು. ಸೊಸೆಗೆ ಅದನ್ನೂ ಹೇಳಿರಲಿಲ್ಲ. ನಿನ್ನೆ ಆ ಕಿಂಡಿಯಲ್ಲಿ ನಾನೂರು ಕಂಡಾಗಲೇ ಏನಾಗಿದೆ ಎಂದು ಆ ಕೋಣೆಯಲ್ಲಿ ಅವರೊಬ್ಬರಿಗೇ ತಿಳಿದಿತ್ತು. ತಿಳಿದೂ "ಗಲ್ಲಾ" ಎಂದಿದ್ದರು.

"ನಿನ್ನೆಯೇ ನಿಮಗೆ ಗೊತ್ತಿತ್ತು," ಎಂದಳು ಚಿಕ್ಕವಳು. ಕೂಗಲಿಲ್ಲ. ಹಲ್ಲುಗಳ ನಡುವಿನಿಂದ ಒಂದೊಂದೇ ಮಾತು ಹೊರಬಂತು. "ನನ್ನನ್ನ ಅಲ್ಲಿ ನಿಲ್ಲಿಸ್ಕೊಂಡು, ಕುಣಿಯಲಾರದವಳು ಅಂದ್ರಿ."

"ಆಯ್ತಮ್ಮ, ಆಗಿದ್ದು ಆಯ್ತು," ಎಂದರು ಮಾವನವರು. ಧ್ವನಿ ಮೆತ್ತಗಾಗಿತ್ತು. "ಗಿರಾಕಿಗಳಿಗೆ ರೀಲೇ ಕೆಟ್ಟಿತ್ತು ಅಂತ ಹೇಳೋಣ. ಕಂಪನಿ ತಪ್ಪು. ನಿನ್ನ ಹೆಸರೂ ಕೆಡಲ್ಲ, ಮನೆ ಹೆಸರೂ ಕೆಡಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವರು ನಿಜವಾಗಿಯೂ ಅವಳ ಒಳ್ಳೆಯದಕ್ಕೆ ಎಂದೇ ನಂಬಿದ್ದರು. ಕಣ್ಣಲ್ಲಿ ಕರುಣೆ ಇತ್ತು. ಮಗುವಿನ ಕೆನ್ನೆಗೆ ತಣ್ಣಗೆ ತಾಗದಿರಲೆಂದು ಮೀಟರು ಬೆಚ್ಚಗೆ ಮಾಡುವವರ ಕಣ್ಣುಗಳೇ ಅವು. ಜೀವಮಾನವಿಡೀ ಇಂಥ ಸಣ್ಣ ಸಣ್ಣ ಒಳ್ಳೆಯತನಗಳನ್ನು ಹೆಕ್ಕಿ ಹೆಕ್ಕಿ ಉಡಿಯಲ್ಲಿ ತುಂಬಿಕೊಂಡವಳು ನಾನು. ಅವತ್ತು ಮಾತ್ರ ಆ ಕರುಣೆಯನ್ನು ಉಡಿಗೆ ಹಾಕಿಕೊಳ್ಳಲಿಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಿ. ಈಗ ಎಮ್ಮೆಗೆ ಮುಲಾಮು ಹಚ್ತೀನಿ, ಸುಮ್ನಿರು ಅಂತೀರಾ ಮಾವ?" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ರೀಲು ಕೆಟ್ಟಿರಲಿಲ್ಲ. ಅದು ಈ ಐದೂ ಜನಕ್ಕೂ ಗೊತ್ತು."

"ನೀನೂನಾ?" ಎಂದರು ಅವರು.

"ನಾನೂ," ಎಂದೆ.

ಹಳೆಯ ಮೀಟರನ್ನು ಅವರ ಕೈಗೆ ಕೊಟ್ಟೆ. ಚಿಕ್ಕವಳು ಬೀಗದ ಕೈಯನ್ನು ಸ್ಟೂಲಿನ ಮೇಲೆ ಇಟ್ಟಳು. ಇಟ್ಟ ಸದ್ದು ಎಸೆದಂತೆ ಕೇಳಿಸಿತು.

ಸಂಜೆ ನಾವಿಬ್ಬರೂ ಸ್ಪ್ರಿಂಗಮ್ಮನ ಮನೆಗೆ ಹೋದೆವು. ಕಾರ್ಖಾನೆಯ ಹಿಂದಿನ ಸಾಲುಮನೆ. ಅವಳು ಬಾಗಿಲಲ್ಲೇ ಕುಳಿತು ಮಗಳ ಜಡೆ ಬಿಚ್ಚುತ್ತಿದ್ದಳು. ಚಿಕ್ಕವಳು ಒಂದೇ ಉಸಿರಿಗೆ ಹೇಳಿದಳು: ರೀಲು ಚೆನ್ನಾಗಿತ್ತು, ಮೀಟರು ಚೆನ್ನಾಗಿತ್ತು, ಬಿಲ್ಲೆ ತಪ್ಪಾಗಿ ತಿರುಗಿಸಿದ್ದರು, ಫೋಟೋ ಇಲ್ಲ.

"ಯಾರು ತಿರುಗಿಸಿದ್ದು?"

"ನಮ್ಮ ಮನೆಯೋರು. ಅವರಿಗೆ ಮಾವ ಹಾಗೆ ಕಲಿಸಿದ್ರು, ಮಾವನ ಮೀಟರಿಗೆ…"

"ನಿಮ್ಮನೆ ಪುರಾಣ ನಂಗ್ಯಾಕಮ್ಮ?" ಎಂದು ಸ್ಪ್ರಿಂಗಮ್ಮ ಸಿಡಿದಳು. ಬಾಚಣಿಗೆ ಮಗಳ ಕೂದಲಲ್ಲೇ ನಿಂತಿತು. "ಮಾವ ಅಂತೆ, ಮಗ ಅಂತೆ! ನನ್ನ ಜನ ಎಲ್ಲಿ? ಗೇಟಿಗೆ ಬೀಗ ಬಿತ್ತು. ಬಸುರಿ ಇದ್ದಳಲ್ಲ, ಅವಳು ತಾಯಿ ಮನೆಗೆ ಹೋದ್ಲು. ತಯಾರಾದ ಬೀಗ ಪರೀಕ್ಷೆ ಮಾಡ್ತಿದ್ದ ಮುದುಕಿ ನಿನ್ನೆ ಬಸ್ ಹತ್ತಿದ್ಲು, ಮಗನ ಊರಿಗೆ. ಅವಳನ್ನ ಎಲ್ಲಿಂದ ತರ್ತೀಯ? ಇಷ್ಟು ವರ್ಷ ಪಕ್ಕಪಕ್ಕ ಕೂತು ಕೆಲಸ ಮಾಡಿದ್ವಿ, ಅದಕ್ಕೊಂದು ಗುರುತು ಬೇಡವಾ?"

ಚಿಕ್ಕವಳು ತಲೆ ತಗ್ಗಿಸಲಿಲ್ಲ. "ಬೇಕು," ಎಂದಳು. "ಅದಕ್ಕೇ ಸುಳ್ಳು ಹೇಳದೆ ಬಂದೆ. ನೆರಳು ನೋಡಿದಾಗ ನಂಗೆ ಅನುಮಾನ ಬಂದಿತ್ತು. ಇಳಿದು ಬಂದು ನಾನೇ ನೋಡಬೇಕಿತ್ತು. ಇನ್ನೊಂದ್ಸಲ ಕೊಡಿ. ಮೀಟರು ಈ ಸಲ ನನ್ನ ಕೈಲಿ ಇರುತ್ತೆ."

ಬಾಚಣಿಗೆ ಮತ್ತೆ ಕೂದಲಲ್ಲಿ ಇಳಿಯತೊಡಗಿತು. ಕೊನೆಗೆ ಸ್ಪ್ರಿಂಗಮ್ಮ, "ಭಾನುವಾರ ಬೆಳಿಗ್ಗೆ ಗೇಟಿನ ಮುಂದೆ. ಬಂದವರು ಬಂದರು," ಎಂದಳು. ಒಳಗೆ ಬನ್ನಿ ಎನ್ನಲಿಲ್ಲ. ಆದರೆ ನಾವು ಹೊರಟಾಗ ಮಗಳ ಕೈಗೆ ಟಾರ್ಚು ಕೊಟ್ಟು, ಗುಂಡಿ ಇರುವ ತಿರುವಿನವರೆಗೆ ಕಳಿಸಿದಳು. ಸಿಟ್ಟಿನಲ್ಲೂ ಆಕೆಗೆ ನಮ್ಮ ಕಾಲಿನ ಯೋಚನೆ ಇತ್ತು.

ಭಾನುವಾರ ಗೇಟಿನ ಮುಂದೆ ಸೇರಿದವರು ಅರ್ಧದಷ್ಟೂ ಇರಲಿಲ್ಲ. ನೀಲಿ ಮೇಲಂಗಿಗಳನ್ನು ಕಾರ್ಖಾನೆಯವರು ವಾಪಸು ಪಡೆದಿದ್ದರು. ಎಲ್ಲರೂ ಮನೆಯ ಬಟ್ಟೆಯಲ್ಲಿ ಬಂದದ್ದರಿಂದ ಒಬ್ಬರಿಗೊಬ್ಬರು ಹೊಸಬರಂತೆ ಕಾಣುತ್ತಿದ್ದರು. ಒಬ್ಬಳು ಗೇಟಿಗೆ ನೇತುಹಾಕಿದ್ದ ದೊಡ್ಡ ಬೀಗವನ್ನು ಎತ್ತಿ ನೋಡಿ, "ಇದರ ಸ್ಪ್ರಿಂಗು ನಮ್ಮ ವಿಭಾಗದ್ದೇ. ಒಡೆಯೋಕಾಗಲ್ಲ ಬಿಡಿ," ಎಂದಳು. ಒಂದಿಬ್ಬರು ನಕ್ಕರು, ಅಲ್ಲಿಗೇ ನಿಂತರು.

ಮೈದುನ ಸ್ಟ್ಯಾಂಡು ಹೊತ್ತು ತಂದು ನಿಲ್ಲಿಸಿ ದೂರ ಸರಿದ. ಎರಡು ದಿನದಿಂದ ಹೆಂಡತಿ ಅವನೊಡನೆ ಮಾತಾಡಿರಲಿಲ್ಲ. ಆಗ ಬೀದಿಯ ತುದಿಯಲ್ಲಿ ಮಾವನವರು ಕಂಡರು. ಕೋಲೂರಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೊರಳಲ್ಲಿ ಚರ್ಮದ ಚೀಲ. ಯಾರೂ ಕರೆದಿರಲಿಲ್ಲ. ಹೆಂಗಸರು ಗೌರವದಿಂದ ದಾರಿ ಬಿಟ್ಟರು. ಅವರು ನೇರ ಗುಂಪಿನ ಮುಂದೆ ಹೋಗಿ ನಿಂತು, ಚೀಲದ ಗುಂಡಿ ಬಿಚ್ಚಿದರು.

ಚಿಕ್ಕವಳು ಸ್ಟೂಲಿನಿಂದ ಇಳಿಯಲಿಲ್ಲ. "ಮಾವ, ನೀವು ಫೋಟೋಕ್ಕೆ ಅಡ್ಡ ನಿಂತಿದ್ದೀರಿ."

"ಒಂದ್ಸಲ ನಾನೂ ನೋಡಿಬಿಡ್ತೀನಿ. ಎರಡಾದ್ರೆ ಒಳ್ಳೇದಲ್ವಾ?"

"ಬೇಡ."

ಮಾವನವರ ಕೈ ಚೀಲದ ಮೇಲೆಯೇ ಇತ್ತು. ಸ್ಪ್ರಿಂಗಮ್ಮ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದಳು.

"ಯಜಮಾನ್ರೇ, ಬಂದಿದ್ದೀರಿ, ನೀವೇ ಹೇಳಿಬಿಡಿ. ಹೋದ ಸಲ ಏನಾಯ್ತು? ಹುಡುಗಿ ಬಂದು ಏನೋ ಹೇಳಿದ್ಲು. ದೊಡ್ಡವರ ಬಾಯಿಂದ ಕೇಳ್ತೀವಿ."

"ರೀಲು…" ಎಂದು ಶುರು ಮಾಡಿದರು. ಚಿಕ್ಕವಳು ಕ್ಯಾಮೆರಾದ ಮೇಲಿನಿಂದ ಅವರನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಅವರು ಚೀಲದಿಂದ ಕೈ ತೆಗೆದರು. "ರೀಲು ಚೆನ್ನಾಗೇ ಇತ್ತು. ಬಿಲ್ಲೆ ಲೆಕ್ಕ ತಪ್ಪಿತ್ತು. ನಮ್ಮ ಮನೆಯೋರು ತಪ್ಪಿದ್ವಿ."

"ಮನೆಯೋರು ಅಂದ್ರೆ ನಾನೂ ಸೇರ್ತೀನಿ," ಎಂದಳು ಚಿಕ್ಕವಳು.

"ಸಾಕು ಬಿಡಮ್ಮ, ವಯಸ್ಸಾದೋರು," ಎಂದು ಗುಂಪಿನಲ್ಲಿ ಯಾರೋ ಅಂದರು. ಅಂದವಳಿಗೆ ಕೆಟ್ಟ ಉದ್ದೇಶವಿರಲಿಲ್ಲ.

"ನಾನು," ಎಂದರು ಮಾವನವರು. ಧ್ವನಿ ಒಡೆದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ಹುಡುಗಿ ಸರಿಯಾಗೇ ಮಾಡಿದ್ಲು. ನಾನು ಮುಚ್ಚಿಟ್ಟೆ." ಸಿಟ್ಟಿನಿಂದಲೇ ಹೇಳಿದರು, ಹಲ್ಲು ಕಿತ್ತು ಅಂಗೈಗೆ ಇಟ್ಟವರಂತೆ. ಆಮೇಲೆ ಗುಂಡಿ ಹಾಕಿ ಪಕ್ಕಕ್ಕೆ ಬಂದು, ನನ್ನಿಂದ ದೂರ, ಮಗನಿಂದಲೂ ದೂರ, ಒಂದು ಗೋಡೆಗೆ ಒರಗಿ ನಿಂತರು. ಬಿಸಿಲು ಅವರ ಕಣ್ಣಿಗೆ ಹೊಡೆಯುತ್ತಿತ್ತು. ಕೈ ಅಡ್ಡ ಹಿಡಿಯಲಿಲ್ಲ.

ಚಿಕ್ಕವಳು ಸ್ಟೂಲಿನಿಂದ ಇಳಿದು ಹೊಸ ಮೀಟರು ತೆಗೆದಳು. ಕಿಂಡಿಯಲ್ಲಿ ನೂರು ಇದೆಯೇ ಎಂದು ನೋಡಿದಳು, ಮತ್ತೊಮ್ಮೆ ನೋಡಿದಳು. ಗುಂಪಿನ ಎಡತುದಿಯವಳ ಮುಖದ ಬಳಿ ಹಿಡಿದಳು, ಗುಮ್ಮಟ ಕ್ಯಾಮೆರಾದ ಕಡೆಗೆ. ಆಮೇಲೆ ನಡುವೆ, ಆಮೇಲೆ ಬಲತುದಿ, ಆಮೇಲೆ ಹಿಂದಿನ ಸಾಲಿನ ಗಿಡ್ಡ ಹೆಂಗಸು. ಮೀಟರಿನ ಮೇಲೆ ತನ್ನ ನೆರಳು ಬೀಳದಂತೆ ಮೈ ಓರೆ ಮಾಡಿಕೊಳ್ಳುತ್ತಿದ್ದಳು. ಯಾರ ಮುಖವನ್ನೂ ಬಿಡಲಿಲ್ಲ. ಯಾರಿಗೂ ಅಂಕಿ ಕೂಗಲಿಲ್ಲ. ತಾನೇ ಓದಿದಳು, ತಾನೇ ಹೋಗಿ ಲೆನ್ಸಿನಲ್ಲಿ ಇಟ್ಟಳು.

"ನಗಬೇಕಾ?" ಎಂದು ಸ್ಪ್ರಿಂಗಮ್ಮ ಕೇಳಿದಳು. ಅವಳ ದವಡೆ ಇನ್ನೂ ಬಿಗಿದೇ ಇತ್ತು.

"ನಗು ಬಂದ್ರೆ ನಗಿ," ಎಂದಳು ಚಿಕ್ಕವಳು.

ಯಾರಿಗೂ ಬರಲಿಲ್ಲ. ಹಾಗೇ ತೆಗೆದಳು.

ಆ ಸಂಜೆ ನನ್ನ ಗಂಡ ಒದ್ದೆ ರೀಲನ್ನು ಹಿತ್ತಿಲ ಬಾಗಿಲಲ್ಲಿ ಬೆಳಕಿಗೆ ಹಿಡಿದರು. ದಟ್ಟವಾಗಿ, ಚೊಕ್ಕವಾಗಿ ಬಂದಿತ್ತು. ಕಣ್ಣಿನ ಕೆಳಗಿನ ಗೆರೆಗಳು, ಬಿಗಿದ ತುಟಿಗಳು, ಹಿಂದಿನ ಸಾಲಿನ ಗಿಡ್ಡ ಹೆಂಗಸಿನ ಕಿವಿಯ ಓಲೆ ಕೂಡ. ನಾನು ಪೆನ್ಸಿಲು ಮುಟ್ಟುವ ಕೆಲಸವೇ ಇರಲಿಲ್ಲ. ಅವರ ಮುಖ ಅರಳಿತು. ಚಿಕ್ಕವಳನ್ನು ಕರೆದು, "ನೋಡಮ್ಮ, ಎಲ್ಲರೂ ಬಂದಿದ್ದಾರೆ," ಎಂದರು.

ಅವಳು ರೀಲನ್ನು ಅಂಚಿನಲ್ಲಿ ಹಿಡಿದು, ಒಂದೊಂದೇ ಮುಖ ಹುಡುಕುವವಳಂತೆ ಬಹಳ ಹೊತ್ತು ನೋಡಿದಳು.

"ಎಲ್ಲರೂ ಎಲ್ಲಿ ಬಂದ್ರು ಭಾವ?" ಎಂದಳು.